ಅಪ್‌ಡೇಟ್: ನದಿ ಹತ್ತಿರದ ಜಾಗದಲ್ಲಿ ಮನೆ, ಪಾಯ ಮುಗೀತು

ರಾಯಚೂರು ಜಿಲ್ಲೆಯಲ್ಲಿ ತುಂಗಭದ್ರಾ ದಂಡೆ ಕಡೆ ನಮ್ಮ ಜಾಗ ಇದೆ, ಮನೆ ನೆಲ ಎಷ್ಟು ಎತ್ತರ ಇರಬೇಕು ಅಂತ ಹಿಂದೆ ಇಲ್ಲಿ ಕೇಳಿದ್ದೆ. ಎರಡು ಅಡಿ ಸಾಕು ಅಂದಿದ್ದರು ಗೌಂಡಿ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂಟಿಮೀಟರ್ ಅಂತಿದೆ. ಆದರೆ ಅದು ಸಾಮಾನ್ಯ ಜಾಗದ ಮಾತು, ನೆರೆ ಬರೋ ಕಡೆ ಹಿಂದೆ ನೀರು ಎಲ್ಲಿವರೆಗೆ ಬಂದಿತ್ತು ಅನ್ನೋದೇ ಮುಖ್ಯ.

ಅದಕ್ಕೆ, ಹಳೇ ನೆರೆಯ ಗುರುತು ಹುಡುಕಿ ಅಳೆದು ನೋಡಿ ಅಂತ ನಿಮ್ಮಲ್ಲೊಬ್ಬರು ಹೇಳಿದ ಹಾಗೇ ಮಾಡಿದೆ. ಪಕ್ಕದ ಮನೆ ಅಜ್ಜ 2009ರ ಅಕ್ಟೋಬರ್ ನೆರೆಯ ಗುರುತನ್ನು ಗೋಡೆ ಮೇಲೆ ತೋರಿಸಿದರು, ಅಲ್ಲಿಂದ ನಮ್ಮ ಜಾಗಕ್ಕೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿದೆವು. ಆ ಗುರುತು ನಮ್ಮ ಜಾಗದ ನೆಲದಿಂದ ಮೂರೂವರೆ ಅಡಿ ಮೇಲಿತ್ತು! ಎದೆ ಝಲ್ ಅಂತು. ಅದಕ್ಕೇ ಮನೆ ನೆಲವನ್ನು ಐದು ಅಡಿ ಎತ್ತರಿಸಿದ್ದೇವೆ.

ಖರ್ಚು ಜಾಸ್ತಿ ಆಯ್ತು ನಿಜ, ಆದರೆ ನೆರೆ ಬಂದರೆ ಅವ್ವ ಇನ್ನು ರಾತ್ರಿ ಅಕ್ಕಿ ಚೀಲ ಹೊತ್ತು ಓಡಬೇಕಿಲ್ಲ.

ನಮ್ಮ ಜಾಗದ್ದು ಎರೆ ಮಣ್ಣು, ಅಂದರೆ ಕಪ್ಪು ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದಕ್ಕೆ ಎಂಜಿನಿಯರ್ ಹೇಳಿದಂತೆ ಕೆಳತುದಿ ದಪ್ಪ ಇರುವ ಪೈಲ್ (ನೆಲದೊಳಗೆ ಆಳಕ್ಕೆ ಹೋಗುವ ಕಾಂಕ್ರೀಟ್ ಕಂಬ) ಇಳಿಸಿ, ಮೇಲೆ ಸುತ್ತ ಕಾಂಕ್ರೀಟ್ ಬೀಮ್ ಹಾಕಿದೆವು. ಒಳಗೆ ಎರೆ ಮಣ್ಣು ತುಂಬಲಿಲ್ಲ, ಗರಸು ಹಾಕಿ ಪದರ ಪದರವಾಗಿ ದಮ್ಮಸ್ ಮಾಡಿಸಿದೆವು. ಸ್ವಿಚ್ ಬೋರ್ಡ್, ಮೀಟರ್ ಎಲ್ಲಾ ಎತ್ತರದಲ್ಲೇ ಬರುತ್ತವೆ. ಕಾಂಪೌಂಡ್ ಗೋಡೆಯಲ್ಲಿ ನೀರು ಹಾದು ಹೋಗೋಕೆ ಕಿಂಡಿ ಬಿಡಿ ಅಂದವರಿಗೆ ತುಂಬಾ ಥ್ಯಾಂಕ್ಸ್, ಅದು ನನಗೆ ಹೊಳೆದೇ ಇರಲಿಲ್ಲ.

ಶೌಚದ ಗುಂಡಿ ಇನ್ನೂ ಬಾಕಿ. ಅದರ ಮುಚ್ಚಳವನ್ನೂ ನೆರೆಯ ಗುರುತಿಗಿಂತ ಮೇಲೆ ತರಬೇಕು, ಮುಂದಿನ ವಾರ ಶುರು.