ಪುಸ್ತಕ ವಿಮರ್ಶೆ ಅಂತ ಬರೆದರೆ ಬರೀ ಕಥಾಸಾರವಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ಕಾದಂಬರಿ ಓದಿ ಮುಗಿಸಿ ನಾಲ್ಕು ಮಾತು ಬರೆಯೋಣ ಅಂತ ಕೂತರೆ ಕಥೆ ಹೇಳುವುದರಲ್ಲೇ ಪುಟ ತುಂಬಿಬಿಡುತ್ತದೆ. ಇಷ್ಟವಾಯಿತು ಅನ್ನುವುದು ಗೊತ್ತು, ಯಾಕೆ ಅನ್ನುವುದು ಕೈಗೆ ಸಿಗುತ್ತಿಲ್ಲ. ಬರೆದು ರೂಢಿ ಇರುವವರು ದಾರಿ ಹೇಳಿ.

ಉತ್ತರ: ತೊಡಕು ಇರುವುದು ಬರೆಯುವಾಗ ಅಲ್ಲ, ಓದುವಾಗ. ಪುಸ್ತಕ ಮುಚ್ಚಿದ ಮೇಲೆ ಕಥೆ ನೆನಪಿರುತ್ತದೆ, ವಾಕ್ಯಗಳ ಲಯ ಬೇಗ ಮಾಸುತ್ತದೆ. ಹಾಗಾಗಿ ಕೈಯಲ್ಲಿ 2ಬಿ ಪೆನ್ಸಿಲ್ ಇರಲಿ. ಅದು ಮೆತ್ತಗೆ, ಸುಲಭವಾಗಿ ಅಳಿಸಬಹುದು; 2ಎಚ್‌ನಂಥ ಗಟ್ಟಿ ಪೆನ್ಸಿಲ್ ತೆಳು ಕಾಗದದಲ್ಲಿ ಗೀರು ಬೀಳಿಸುತ್ತದೆ. ಸಾಲಿನ ಕೆಳಗೆ ಗೆರೆ ಎಳೆಯಬೇಡಿ, ಅಂಚಿನಲ್ಲಿ ಒಂದು ಸಣ್ಣ ಗುರುತು ಸಾಕು. ಕೊನೆಯ ಖಾಲಿ ಹಾಳೆಯಲ್ಲಿ ಪುಟಸಂಖ್ಯೆಯ ಜೊತೆ ಎರಡು ಮೂರು ಪದ ಬರೆಯಿರಿ: ‘84, ತಾಯಿ ಉತ್ತರ ಕೊಡುವುದಿಲ್ಲ’. ಬರೀ ಸಂಖ್ಯೆ ಬರೆದಿಟ್ಟರೆ ಗುರುತು ಹಾಕಿದ್ದು ಯಾಕೆ ಅಂತಲೇ ಆಮೇಲೆ ಹೊಳೆಯುವುದಿಲ್ಲ. ಪುಟಕ್ಕೊಂದು ಗುರುತಾದರೆ ಯಾವುದೂ ಎದ್ದು ಕಾಣದು.

ಉತ್ತರ: ಗ್ರಂಥಾಲಯದ ಪುಸ್ತಕಕ್ಕೆ ಪೆನ್ಸಿಲ್ ಬೇಡವೇ ಬೇಡ. ಅಂಟುಚೀಟಿಯೂ ಬೇಡ, ಹಳೆಯ ಕಾಗದದಲ್ಲಿ ಅಂಟು ಉಳಿಯುತ್ತದೆ. ಉದ್ದದ ಚೀಟಿಯೊಂದನ್ನು ಪುಟಗುರುತಾಗಿ ಇಟ್ಟುಕೊಂಡು ಅದರಲ್ಲೇ ಬರೆಯಿರಿ. ಇ-ಪುಸ್ತಕವಾದರೆ ಅಧ್ಯಾಯದ ಸಂಖ್ಯೆ ಬರೆದುಕೊಳ್ಳಿ. ಅಕ್ಷರದ ಗಾತ್ರ ಬದಲಿಸಿದರೆ ಎಷ್ಟೋ ಸಲ ಪುಟಸಂಖ್ಯೆಯೂ ಬದಲಾಗುತ್ತದೆ.

ಉತ್ತರ: ಬರೆಯುವ ಮುಂಚೆ ಮೊದಲ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಇಷ್ಟೊಂದು ಫಲ ಕೊಡುವ ಕೆಲಸ ಬೇರೆ ಇಲ್ಲ. ಕೊನೆ ಗೊತ್ತಿದ್ದು ಓದುವಾಗ ಲೇಖಕರು ಎಲ್ಲಿ ಸುಳಿವು ಬಿಟ್ಟಿದ್ದಾರೆ, ಯಾವುದನ್ನು ಬೇಕಂತಲೇ ಮುಚ್ಚಿಟ್ಟಿದ್ದಾರೆ ಎಲ್ಲ ಕಾಣಿಸುತ್ತದೆ. ಆಮೇಲೆ ಇಷ್ಟು ಕೇಳಿಕೊಳ್ಳಿ: ಕಥೆ ಹೇಳುತ್ತಿರುವವರು ಯಾರು, ಅವರಿಗೆ ಗೊತ್ತಿಲ್ಲದ್ದು ಏನು? ಒಂದೇ ದಿನಕ್ಕೆ ಐವತ್ತು ಪುಟ ಕೊಟ್ಟು ಹತ್ತು ವರ್ಷವನ್ನು ಒಂದು ಪ್ಯಾರಾದಲ್ಲಿ ದಾಟಿಸಿದ್ದು ಎಲ್ಲಿ? ನಿಮ್ಮ ‘ಯಾಕೆ’ ಬಹುಮಟ್ಟಿಗೆ ಇಲ್ಲೇ ಸಿಗುತ್ತದೆ.

500 ಪದದ ಬರಹದಲ್ಲಿ ಕಥೆಗೆ 100 ಪದ ಮೀರಬಾರದು, ಅದೂ ಪುಸ್ತಕದ ಮೊದಲ ಕಾಲುಭಾಗದವರೆಗಿನದು ಮಾತ್ರ. ‘ಭಾಷೆ ಸೊಗಸಾಗಿದೆ’ ಅಂದರೆ ಓದುವವರಿಗೆ ಏನೂ ದಕ್ಕುವುದಿಲ್ಲ. ‘ಜಗಳದ ದೃಶ್ಯ ಬಂದಾಗ ವಾಕ್ಯಗಳು ಮೂರು ನಾಲ್ಕು ಪದಕ್ಕೆ ಇಳಿಯುತ್ತವೆ’ ಅನ್ನಿ, ಕೆಳಗೆ ಮೂಲದ ಎರಡು ಮೂರು ಸಾಲು ಕೊಡಿ. ಮೆಚ್ಚುಗೆಗೂ ಆಕ್ಷೇಪಕ್ಕೂ ಇದೇ ನಿಯಮ, ಆಧಾರವಿಲ್ಲದ ಬೈಗುಳ ವಿಮರ್ಶೆಯಲ್ಲ.

ಉತ್ತರ: ಕಥಾಸಂಕಲನವಾದರೆ ಹನ್ನೆರಡು ಕಥೆಗೂ ಒಂದೊಂದು ಸಾಲು ಬರೆಯುತ್ತಾ ಹೋಗಬೇಡಿ, ಅದು ವಿಷಯಸೂಚಿಯಾಗುತ್ತದೆ. ಗಟ್ಟಿಯಾದ ಎರಡು, ಸೋತ ಒಂದು ಆರಿಸಿ. ಅನುವಾದವಾದರೆ ಅನುವಾದಕರ ಹೆಸರು ಮೊದಲ ಪ್ಯಾರಾದಲ್ಲೇ ಬರಲಿ. ಮೂಲ ಓದಿರದಿದ್ದರೆ ನಿಷ್ಠೆಯ ಬಗ್ಗೆ ತೀರ್ಪು ಬೇಡ. ಸಂಭಾಷಣೆ ಬಾಯಿಗೆ ಹೊಂದುತ್ತದೆಯೇ ಅಂತ ಒಂದು ಪುಟ ಗಟ್ಟಿಯಾಗಿ ಓದಿ ನೋಡಿ, ಅಷ್ಟನ್ನು ಹೇಳಿ.

ಉತ್ತರ: ಪೆನ್ಸಿಲ್ ಹಿಡಿದೇ ಓದಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪ್ರತಿ ಸಾಲನ್ನೂ ‘ಇದನ್ನು ಬರೆಯಬಹುದಾ’ ಅಂತ ನೋಡಿದರೆ ಓದಿನ ಸುಖವೇ ಹೋಗುತ್ತದೆ, ಆ ಸುಖ ಇಲ್ಲದ ವಿಮರ್ಶೆ ಒಣಗಿರುತ್ತದೆ. ಮೊದಲ ಐವತ್ತು ಪುಟ ಸುಮ್ಮನೆ ಓದಿ. ಪುಸ್ತಕ ಹಿಡಿದು ಕೂರಿಸಿತು ಅನ್ನಿಸಿದರೆ ಗುರುತು ಹಾಕಲು ಶುರುಮಾಡಿ. ಇಲ್ಲದಿದ್ದರೆ ಅದರ ಬಗ್ಗೆ ಬರೆಯಲೇಬೇಕೆಂದೇನಿಲ್ಲ.