ಅಮ್ಮ ಗೌರಿ ಹಬ್ಬಕ್ಕೆ ಕೊಡುತ್ತಲೇ ಇರುತ್ತಾರೆ, ನಾನು ಕೊಟ್ಟರೆ ಮುಟ್ಟುವುದಿಲ್ಲ. ಏನು ಮಾಡಲಿ?

ಪ್ರಶ್ನೆ (ಹಾಸನದ ಮಗಳು):

ನನ್ನ ತವರು ಹಾಸನದ ಹತ್ತಿರದ ಹಳ್ಳಿ. ಅಪ್ಪ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಮನೆ ನಡೆಯುವುದು ಅವರ ಪಿಂಚಣಿಯಲ್ಲಿ. ನಾನೂ ನನ್ನವರೂ ಬೆಂಗಳೂರಿನಲ್ಲಿ ದುಡಿಯುತ್ತೇವೆ, ನಮಗೆ ಯಾವುದಕ್ಕೂ ಕೊರತೆಯಿಲ್ಲ. ಆದರೂ ಗೌರಿ ಹಬ್ಬ ಬಂತೆಂದರೆ ಮೊರದ ಬಾಗಿನದ ಜೊತೆ ನನಗೆ ರೇಷ್ಮೆ ಸೀರೆ, ಅಳಿಯನಿಗೆ ಪಂಚೆ ಶಲ್ಯ, ಮಕ್ಕಳಿಗೆ ಬಟ್ಟೆ. ದೀಪಾವಳಿಗೆ ಮತ್ತೆ ಬೇರೆ. 2023ರ ಅಧಿಕ ಶ್ರಾವಣದಲ್ಲಿ ಬೆಳ್ಳಿ ತಟ್ಟೆಯಲ್ಲಿ 33 ಕಜ್ಜಾಯ ಇಟ್ಟು ಅಳಿಯನಿಗೆ ದಾನ ಕೊಟ್ಟರು. ಆ ತಟ್ಟೆಗಾಗಿ ಅಪ್ಪ ಸಹಕಾರ ಸಂಘದಲ್ಲಿ ಸಾಲ ಮಾಡಿದ್ದರೆಂದು ಆಮೇಲೆ ಚಿಕ್ಕಪ್ಪ ಹೇಳಿದರು. ಅಂದಿನಿಂದ ಆ ತಟ್ಟೆ ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಾನು ಕೊಟ್ಟದ್ದು ಮಾತ್ರ ಬೇಡ. ಯುಗಾದಿಗೆ ಒಯ್ದ ಮಿಕ್ಸಿ ಡಬ್ಬಿ ಬಿಚ್ಚದೆ ಅಟ್ಟದ ಮೇಲೆ ಕುಳಿತಿದೆ. ಅಪ್ಪನಿಗೆ ಸ್ವೆಟರ್ ತಂದರೆ, ಅದರ ಬೆಲೆಯಷ್ಟು ಹಣವನ್ನು ಮೊಮ್ಮಗಳ ಕೈಗೆ ತುರುಕಿದರು. "ಕೊಟ್ಟ ಹೆಣ್ಣಿನ ಮನೆಯಿಂದ ತೆಗೆದುಕೊಳ್ಳಬಾರದು" ಎನ್ನುತ್ತಾರೆ ಅಮ್ಮ. ತಮ್ಮ ತಂದುಕೊಟ್ಟರೆ ಖುಷಿಯಿಂದ ಉಡುತ್ತಾರೆ. ನಾನೂ ಅದೇ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ? ಅವರ ಮನಸ್ಸು ನೋಯಿಸದೆ ಇದನ್ನು ಸರಿಮಾಡುವ ದಾರಿ ಇದ್ದರೆ ಹೇಳಿ.

ಉತ್ತರ (ಧಾರವಾಡದ ಅವ್ವ):

ಮಗಳೇ, ನಿನ್ನ ತಾಯಿಯ ವಯಸ್ಸಿನವಳು ನಾನು. ಮೊದಲು ಒಂದು ಮಾತು: "ಕೊಡಬೇಡ" ಎಂದು ಎಂದಿಗೂ ಹೇಳಬೇಡ. ಆ ಮಾತು ಕೇಳಿದ ತಾಯಿಗೆ ತವರಿನ ಬಾಗಿಲನ್ನು ಮಗಳೇ ಮುಚ್ಚಿದಂತಾಗುತ್ತದೆ. ಏನು ಬೇಕೆಂದು ನೀನೇ ಹೆಸರು ಹಿಡಿದು ಕೇಳು.

ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರುವುದು ನಾಗರ ಪಂಚಮಿಗೆ. ನಾನು ಪ್ರತಿಸಲ ಇಳಕಲ್ ಸೀರೆ ತರುತ್ತಿದ್ದೆ. ಒಂದು ವರ್ಷ ಮಗಳು, "ಅವ್ವಾ, ಕಪಾಟಿನಲ್ಲಿ ಜಾಗವಿಲ್ಲ. ಗುಳೇದಗುಡ್ಡದ ಒಂದು ಕುಪ್ಪಸದ ಕಣ ಸಾಕು. ಆದರೆ ಶೇಂಗಾ ಉಂಡಿ, ಎಳ್ಳುಂಡಿ, ಗುಳ್ಳಡಕಿ ಉಂಡಿ ನಿನ್ನ ಕೈಯಿಂದಲೇ ಆಗಬೇಕು, ನಮ್ಮ ಓಣಿಗೆಲ್ಲ ಹಂಚುವಷ್ಟು" ಎಂದಳು. ಬೆಲ್ಲದ ಪಾಕ ಹದಕ್ಕೆ ಬರುವವರೆಗೆ ಒಲೆಯ ಮುಂದೆ ನಿಂತೆ, ಮೊಣಕಾಲು ನೋವು ನೆನಪಿಗೇ ಬರಲಿಲ್ಲ. ಖರ್ಚು ಎಷ್ಟು ಇಳಿಯಿತೆಂದು ನಾನು ಲೆಕ್ಕವೇ ಹಾಕಲಿಲ್ಲ.

ಬೆಳ್ಳಿಯ ವಿಷಯ ಬೇರೆ. ಅದನ್ನು ನೀನು ಹೇಳಿದರೆ ನಡೆಯುವುದಿಲ್ಲ, ನಿನ್ನ ಗಂಡ ಹೇಳಬೇಕು. ಅಧಿಕ ಮಾಸ ಸುಮಾರು ಮೂರು ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ಮುಂದಿನದು ಬರುವ ಮೊದಲೇ ಅಳಿಯ ಮಾವನ ಹತ್ತಿರ ಕುಳಿತು, "33 ಕಜ್ಜಾಯ ಬಾಳೆಲೆಯಲ್ಲಿ ಕೊಡಿ, ಅದಕ್ಕಿಂತ ಹೆಚ್ಚಿನದನ್ನು ನಾನು ತೆಗೆದುಕೊಳ್ಳುವುದಿಲ್ಲ" ಎನ್ನಲಿ. ಬೀಗರ ಮನೆಯಲ್ಲಿ ಮಗಳಿಗೆ ಮಾತು ಬರಬಾರದೆಂಬ ಭಯಕ್ಕೇ ನಾವು ಸಾಲ ಮಾಡುತ್ತೇವೆ. ಆ ಭಯವನ್ನು ತೆಗೆಯಲು ಅಳಿಯನಿಗೆ ಮಾತ್ರ ಸಾಧ್ಯ.

ಉತ್ತರ (ತುಮಕೂರಿನ ಅಣ್ಣ):

ನಿಮ್ಮ ತಂದೆ ಮೇಷ್ಟ್ರು, ಕಾನೂನು ಓದಿ ಹೇಳಿದರೆ ಒಪ್ಪಬಹುದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ. ಹೆತ್ತವರ ಪಾಲನೆಯ ಹೊಣೆ ಹೊರಿಸುವ 2007ರ ಕಾಯ್ದೆಯಲ್ಲಿ ಮಕ್ಕಳು ಎಂದರೆ ಮಗಳೂ ಸೇರಿದ್ದಾಳೆ. ಪಾಲಿಗೆ ಬೇಕಾದವಳು ಪಾಲನೆಗೆ ಬೇಡವೇ ಎಂದು ಕೇಳಿ. ಸಾಲ ಇನ್ನೂ ಉಳಿದಿದ್ದರೆ ಸಂಘಕ್ಕೆ ನೀವೇ ಕಟ್ಟಿಬಿಡಿ. ಮಕ್ಕಳು ತಂದೆತಾಯಿಗೆ ಕೊಡುವ ಹಣಕ್ಕೆ ಆದಾಯ ತೆರಿಗೆಯೂ ಬೀಳುವುದಿಲ್ಲ.

ಉತ್ತರ (ತೀರ್ಥಹಳ್ಳಿಯ ಅಕ್ಕ):

ಗೌರಿ ವ್ರತ ನೀವೂ ಮಾಡುತ್ತೀರಲ್ಲ? ಹಾಗಾದರೆ ಹಬ್ಬವೇ ನಿಮಗೊಂದು ದಾರಿ ಇಟ್ಟಿದೆ. ಪೂಜೆ ಮಾಡಿದವಳು ಗೌರಿಗೆ ಒಂದು ಬಾಗಿನ ಇಟ್ಟು, ಉಳಿದವನ್ನು ಮುತ್ತೈದೆಯರಿಗೆ ಕೊಡುತ್ತಾಳೆ, ಅವರಲ್ಲಿ ಹೆತ್ತ ತಾಯಿಯೂ ಸೇರುತ್ತಾಳೆ. ಅಮ್ಮನಿಗೊಂದು ಜೊತೆ ಮೊರ ತೆಗೆದಿಡಿ. ಅಕ್ಕಿ, ತೊಗರಿಬೇಳೆ, ಬೆಲ್ಲ, ಅರಿಶಿನ ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ತೆಂಗಿನಕಾಯಿ ಹೇಗೂ ಇರುತ್ತವೆ. ಅದರ ಮೇಲೆ ನಿಮಗೆ ಬೇಕಾದ ಸೀರೆ ಇಟ್ಟು, ಸೆರಗು ಹೊದಿಸಿ, ಕೈಗೆ ಕೊಟ್ಟು ನಮಸ್ಕರಿಸಿ. ಬಾಗಿನ ಬೇಡವೆನ್ನುವ ಮುತ್ತೈದೆಯನ್ನು ನಾನು ಕಂಡಿಲ್ಲ. ಅದು ಮಗಳ ಮನೆಯ ಸೊತ್ತಲ್ಲ, ಗೌರಿಯ ಪ್ರಸಾದ.

ಪ್ರಶ್ನೆ ಕೇಳಿದವಳಿಂದ:

ಅವ್ವ, ಅಣ್ಣ, ಅಕ್ಕ, ಎಲ್ಲರಿಗೂ ವಂದನೆ. ಇಷ್ಟು ವರ್ಷ ಬಾಗಿನವನ್ನು ಅತ್ತೆಗೆ, ನಾದಿನಿಗೆ, ಪಕ್ಕದ ಮನೆಯವರಿಗೆ ಕೊಟ್ಟಿದ್ದೇನೆ. ಹಬ್ಬದ ದಿನ ಬೆಂಗಳೂರಿನಲ್ಲೇ ಇರುತ್ತಿದ್ದುದರಿಂದ ಅಮ್ಮನಿಗೆ ಕೊಡುವ ಸಂದರ್ಭ ಬಂದಿರಲಿಲ್ಲ. ಈ ಸಲ ಪೂಜೆ ಮುಗಿಸಿ ಮಧ್ಯಾಹ್ನವೇ ಹಾಸನಕ್ಕೆ ಹೊರಡುತ್ತೇವೆ. ಬೆಳ್ಳಿಯ ಮಾತನ್ನು ನಮ್ಮವರು ಅಪ್ಪನೊಂದಿಗೆ ಆಡಲು ಒಪ್ಪಿದ್ದಾರೆ. ಸಾಲದ ಬಾಕಿ ಎಷ್ಟೆಂದು ನಾಳೆ ಚಿಕ್ಕಪ್ಪನನ್ನು ಕೇಳುತ್ತೇನೆ.