ಅಪ್‌ಡೇಟ್: ಲೇಹ್‌ನಲ್ಲಿ ಗೈಗರ್ ಕೊಳವೆಯ ಎಣಿಕೆ ಕೊನೆಗೂ ಸರಿಹೋಯಿತು

ಲೇಹ್‌ನ ಸುಮಾರು 3,500 ಮೀಟರ್ ಎತ್ತರದಲ್ಲಿ, ವಿಕಿರಣವನ್ನು ಎಣಿಸುವ ಗೈಗರ್ ಕೊಳವೆಯ ಎಣಿಕೆ ಕೋಣೆಯಿಂದ ಕೋಣೆಗೆ ಬದಲಾಗುತ್ತಿದೆ, ಇದರಲ್ಲಿ ವಿಶ್ವಕಿರಣ (ಬಾಹ್ಯಾಕಾಶದಿಂದ ಬರುವ ವಿಕಿರಣ) ಎಷ್ಟು ಎಂದು ಕೇಳಿದ್ದೆ. ಉತ್ತರ ಸಿಕ್ಕಿದೆ.

ಕೊಳವೆಯ ಮೇಲೆ ಸೀಸದ ಹಾಳೆ ಹೊದಿಸಿ ಎಂಬ ಸಲಹೆ ಫಲಿಸಲಿಲ್ಲ. ತಂಟೆ ಬರುತ್ತಿದ್ದುದು ಕೆಳಗಿನಿಂದ ಮತ್ತು ಪಕ್ಕದಿಂದ. ಗ್ರಾನೈಟ್ ಕಲ್ಲಿನ ಯುರೇನಿಯಂ, ಥೋರಿಯಂ ಸೂಸುವ ವಿಕಿರಣ ಮೇಲಿನ ಹೊದಿಕೆಗೆ ಜಗ್ಗುವುದುಂಟೇ? ಬ್ಯಾಟರಿ ಬದಲಿಸಿದ್ದೂ ದಂಡ.

ಗೆದ್ದದ್ದು ನಿವೃತ್ತ ಭೌತಶಾಸ್ತ್ರದ ಮೇಷ್ಟರೊಬ್ಬರು ಹೇಳಿದ ಉಪಾಯ: ಎರಡು ಕೊಳವೆಗಳನ್ನು ಒಂದರ ಮೇಲೊಂದಿಟ್ಟು, ಎರಡೂ ಒಟ್ಟಿಗೆ ಮಿಡಿದಾಗ ಮಾತ್ರ ಎಣಿಸುವುದು. ಕಲ್ಲಿನ ಗಾಮಾ ಕಿರಣ ಸಾಮಾನ್ಯವಾಗಿ ಒಂದನ್ನಷ್ಟೇ ಮಿಡಿಸುತ್ತದೆ. ವಿಶ್ವಕಿರಣ ಗಾಳಿಗೆ ಬಡಿದಾಗ ಹುಟ್ಟುವ ಮ್ಯೂಆನ್ ಎಂಬ ಕಣ ಎರಡನ್ನೂ ತೂರಿ ಹೋಗುತ್ತದೆ. ಕೋಣೆಗಳ ವ್ಯತ್ಯಾಸ ಬಹುತೇಕ ಮಾಯವಾಯಿತು. ಮೈಸೂರಿನ ಮನೆಯ ಎಣಿಕೆಗಿಂತ ಇಲ್ಲಿನದು ಎರಡು ಪಟ್ಟು ದಾಟಿದೆ. ಜೋಡಿಯನ್ನು ಅಡ್ಡ ಮಲಗಿಸಿದರೆ ಎಣಿಕೆ ಥಟ್ಟನೆ ಕುಸಿಯುತ್ತದೆ, ಏಕೆಂದರೆ ಮ್ಯೂಆನ್‌ಗಳು ಹೆಚ್ಚಾಗಿ ನೆತ್ತಿಯ ಕಡೆಯಿಂದಲೇ ಬರುತ್ತವೆ.

ಅಚ್ಚರಿಯೆಂದರೆ, ಮೂಲೆಗೆ ಬಿದ್ದಿದ್ದ ಸೀಸವೇ ಮತ್ತೆ ಕೆಲಸಕ್ಕೆ ಬಂತು. ಅದನ್ನು ಎರಡು ಕೊಳವೆಗಳ ನಡುವೆ ಇಟ್ಟಾಗ ಎಣಿಕೆ ತಗ್ಗಿತು. ಎತ್ತರದಲ್ಲಿ ಮ್ಯೂಆನ್‌ಗಳ ಜೊತೆ ಎಲೆಕ್ಟ್ರಾನ್‌ಗಳೂ ಧಾರಾಳವಾಗಿರುತ್ತವೆ. ಸೀಸ ಅವನ್ನು ತಡೆದು ಮ್ಯೂಆನ್‌ಗಳನ್ನು ಬಿಡುತ್ತದೆ. ಹಾಗಾಗಿ ನನ್ನ ಎರಡು ಪಟ್ಟು ಪೂರ್ತಿ ಮ್ಯೂಆನ್‌ಗಳದಲ್ಲ.

ವಿಶ್ವಕಿರಣವನ್ನು ಅಳೆಯುವ ಊಟಿಯ ಗ್ರೇಪ್ಸ್-3 ಪ್ರಯೋಗವೂ ಹೀಗೆಯೇ ಮಿಕ್ಕ ಕಣಗಳನ್ನು ತಡೆದು ಮ್ಯೂಆನ್ ಎಣಿಸಲು ಕೊಳವೆಗಳ ಮೇಲೆ ದಪ್ಪ ಕಾಂಕ್ರೀಟ್ ಪೇರಿಸಿದೆ. ನನ್ನಂತೆ ಒಂದೇ ಕೊಳವೆ ಹಿಡಿದು ಬೆಟ್ಟ ಹತ್ತುವವರು ಎರಡನೆಯದನ್ನೂ ಕೊಂಡೇ ಹೊರಡಿ.